ಹಾಡು ನೆನಪಿರಲಿ, ಚೀಲದ ಬರಹವನ್ನೂ ಓದಿ

ಹಳೆಯ ಟಿ.ವಿ. ಜಾಹೀರಾತಿನ ಹಾಡು ಕಿವಿಗೆ ಬಿದ್ದರೆ ಇಂದಿಗೂ ಮುಖ ಅರಳುತ್ತದೆ. ಏಕೆ? ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರಲ್ಲಿ. ಆಗ ಟಿ.ವಿ. ಇದ್ದ ಮನೆಯಲ್ಲಿ ಬೀದಿಯವರೆಲ್ಲ ಸೇರುತ್ತಿದ್ದರು. ಅದೇ ಹಾಡನ್ನು ಕೇಳಿ ಕೇಳಿ ಬಾಯಿಪಾಠವಾಯಿತು. ಈಗ ಅದು ಕೇಳಿಸಿದರೆ ಪಕ್ಕದಲ್ಲಿ ಕೂತಿದ್ದ ಅಮ್ಮ, ಅಕ್ಕಂದಿರೂ ನೆನಪಾಗುತ್ತಾರೆ. ಆ ಪ್ರೀತಿ ಜಾಹೀರಾತಿನ ಸರಕಿಗೂ ಅಂಟಿಕೊಳ್ಳುತ್ತದೆ. ಎಚ್ಚರ ಬೇಕಾದದ್ದು ಇಲ್ಲೇ.

ಅಮೆರಿಕದಲ್ಲಿ ಟಿ.ವಿ. ಜಾಹೀರಾತು 1941ರಲ್ಲೇ ಬಂತು. ಅಲ್ಲಿ 1950ರ ಸುಮಾರಿಗೆ ಸಿಗರೇಟಿಗೂ ಇಂಪಾದ ಹಾಡುಗಳಿದ್ದವು. ಹೆಚ್ಚಿನ ವೈದ್ಯರು ಸೇದುವುದು ನಮ್ಮದನ್ನೇ ಎಂದು ಕ್ಯಾಮೆಲ್ ಸಿಗರೇಟಿನ ಜಾಹೀರಾತು ಹೇಳುತ್ತಿತ್ತು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು 1964ರಲ್ಲಿ ಅಲ್ಲಿನ ಸರ್ಕಾರದ ವರದಿಯೇ ಹೇಳಿತು. 1971ರಲ್ಲಿ ಟಿ.ವಿ.ಯಲ್ಲಿ ಅಂಥ ಜಾಹೀರಾತು ನಿಂತಿತು. ಹಾಡು ಇಂಪಾಗಿದ್ದ ಮಾತ್ರಕ್ಕೆ ಸರಕು ಒಳ್ಳೆಯದಾಗಿರಲಿಲ್ಲ.

ಈಗ ನಮ್ಮ ಮೊಬೈಲಿಗೂ ಹಾಲು ಹೆಚ್ಚಿಸುವ ಪುಡಿ, ಟಾನಿಕ್ಕುಗಳ ಜಾಹೀರಾತು ಬರುತ್ತವೆ. ಬಿಳಿ ಕೋಟು ತೊಟ್ಟವರೂ ಕಾಣಿಸುತ್ತಾರೆ. ಕೊಳ್ಳುವ ಮುನ್ನ:

• ಏನೇನು ಎಷ್ಟಿದೆ, ಯಾವಾಗ ತಯಾರಾಯಿತು ಎಂದು ಚೀಲ ಅಥವಾ ಬಾಟಲಿಯ ಮೇಲೆ ಓದಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ.
• ಪಶು ಆಹಾರದ ಚೀಲದ ಮೇಲೆ ಐ.ಎಸ್.ಐ. ಗುರುತು ಇದೆಯೇ ನೋಡಿ.
• ನಿಮ್ಮ ಹಸುವಿಗೆ ಅದು ಬೇಕೇ ಎಂದು ಪಶುವೈದ್ಯರನ್ನು ಕೇಳಿ.
• ತಪ್ಪದೆ ರಸೀದಿ ಪಡೆಯಿರಿ.

ಹಳೆಯ ಹಾಡು ಗುನುಗುತ್ತಲೇ ಹಾಲು ಕರೆಯೋಣ. ಹಸುವಿನ ಬಾಯಿಗೆ ಹಾಕುವುದನ್ನು ಮಾತ್ರ ಓದಿ, ಕೇಳಿ ಕೊಳ್ಳೋಣ.