ಬಿಸಿಲುಣ್ಣುವ ಕೆರೆ

ಉಜ್ಜಿನಿಯಿಂದ ಕೊಟ್ಟೂರು ಹಾಯ್ದು ಹಗರಿಬೊಮ್ಮನಹಳ್ಳಿಯ ಕಡೆ ಬರುವಾಗ ದಾರಿಯುದ್ದಕ್ಕೂ ಒಣಹೊಲ, ಮೆಕ್ಕೆಜೋಳದ ಕೂಳೆ, ದೂಳು. ಅಂಕಸಮುದ್ರದ ಕೆರೆ ಏರಿ ಹತ್ತುವ ಮೊದಲೇ ಕೊಕ್ಕುಗಳ ಟಕಟಕ, ಮರಿಗಳ ಹಸಿವಿನ ಕಿರುಚಾಟ ಕಿವಿಗೆ ಬೀಳುತ್ತದೆ. ಆಮೇಲೆ ಹಿಕ್ಕೆ, ಹಸಿಮೀನು, ಕೊಳೆತ ಎಲೆ ಬೆರೆತ ಘಾಟು. ನೀರೊಳಗೇ ನಿಂತ ಕರಿಜಾಲಿ ಮರಗಳು ಸುಣ್ಣ ಬಳಿದಂತೆ ಬೆಳ್ಳಗಾಗಿವೆ.

ಸದ್ದಿಲ್ಲದೆ ಏರಿಯ ಮೇಲೆ ಕೂತು ನೋಡಿ. ಬಣ್ಣದ ಕೊಕ್ಕರೆಯೊಂದು ತೆಳುನೀರಿಗಿಳಿದು, ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿಂದಿತ್ತ ಆಡಿಸುತ್ತ ನಡೆಯುತ್ತದೆ. ಮೀನು ಕೊಕ್ಕಿಗೆ ತಾಗಿದ್ದೇ ತಡ, ಗಬಕ್ಕನೆ ಹಿಡಿಯುತ್ತದೆ. ನುಂಗಿದ್ದನ್ನು ಗೂಡಿಗೆ ಒಯ್ದು ಮರಿಗಳ ಮುಂದೆ ಕಕ್ಕುತ್ತದೆ. ಆ ಮೀನಿನ ಹೊಟ್ಟೆಯಲ್ಲಿ ಕಂಡೂ ಕಾಣದಂಥ ನೀರಹುಳು, ಹುಳುವಿನ ಹೊಟ್ಟೆಯಲ್ಲಿ ಪಾಚಿ, ಪಾಚಿಯಲ್ಲಿ ನಮ್ಮ ಬೆನ್ನು ಸುಡುತ್ತಿರುವ ಇದೇ ಬಿಸಿಲು. ಪಕ್ಕದಲ್ಲೇ ಬಾಯ್ಕಳಕ ಕೊಕ್ಕರೆ, ನೀರುಗಿಡ ಮೇದು ಬೆಳೆದ ಬಸವನಹುಳುವನ್ನು ಚಿಪ್ಪಿನಿಂದ ಹಿರಿಯುತ್ತಿದೆ. ಕರಿತಲೆಯ ಕೆಂಬರಲು ಕೆಸರು ಕೆದಕುತ್ತಿದೆ. ಯಾರ ಊಟಕ್ಕೆ ಯಾರು ಎಂದು ಬಿಡಿಸಹೋದರೆ ಎಳೆ ಮುಗಿಯುವುದೇ ಇಲ್ಲ.

ಆದರೆ ಒಂದೊಂದು ಬಾಯಿ ದಾಟುವಾಗಲೂ ಬಿಸಿಲಿನ ಗಳಿಕೆ ಕರಗುತ್ತದೆ. ಈಜಿದ್ದು, ಹಾರಿದ್ದು, ಮೈ ಬೆಚ್ಚಗಿಟ್ಟದ್ದು ಎಲ್ಲವೂ ಶಾಖವಾಗಿ ಗಾಳಿ ಸೇರುತ್ತದೆ; ತಿಂದವರ ಮೈಗೂಡುವುದು ಸರಿಸುಮಾರು ಹತ್ತರಲ್ಲೊಂದು ಪಾಲು. ಪಾಚಿಯ 1000 ಪಾಲು ಶಕ್ತಿ ಹುಳುವಿಗೆ 100, ಮೀನಿಗೆ 10, ಹಕ್ಕಿಗೆ 1. ಈ ಬಗೆಯ ಲೆಕ್ಕಕ್ಕೆ ಬುನಾದಿ ಹಾಕಿದ್ದೂ ಕೆರೆಯೇ. ಅಮೆರಿಕದ ರೇಮಂಡ್ ಲಿಂಡಮನ್ ಮಿನೆಸೊಟಾದ ಪುಟ್ಟ ಕೆರೆಯನ್ನು ವರ್ಷಗಟ್ಟಲೆ ಅಭ್ಯಸಿಸಿ ಬರೆದ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅದನ್ನು ನೋಡಲು ಆತ ಉಳಿದಿರಲಿಲ್ಲ, ತೀರಿಕೊಂಡಾಗ ಇಪ್ಪತ್ತಾರೇ ವರ್ಷ.

ಹಕ್ಕಿಗೆ ದಕ್ಕುವುದು ಇಷ್ಟೇ ಆದರೆ 98.76 ಹೆಕ್ಟೇರಿನ ಈ ಕೆರೆ 30,000ಕ್ಕೂ ಮಿಕ್ಕಿದ ನೀರುಹಕ್ಕಿಗಳನ್ನು ಸಾಕುವುದು ಹೇಗೆ? ಇದೊಂದೇ ಸಾಕುವುದಿಲ್ಲ. ಪಕ್ಕದಲ್ಲಿ ತುಂಗಭದ್ರೆಯ ಹಿನ್ನೀರಿದೆ. ಅಲ್ಲಿ ಮೇದು ಬಂದವು ಇಲ್ಲಿ ಹಿಕ್ಕೆ ಹಾಕುತ್ತವೆ. ಅದರ ಸಾರಜನಕ, ರಂಜಕ ನೀರಿಗಿಳಿದು ಪಾಚಿಗೆ ಗೊಬ್ಬರವಾಗುತ್ತವೆ. ಗೊಬ್ಬರ ಹೀಗೆ ಸುತ್ತಿ ಬರುತ್ತದೆ. ಶಕ್ತಿ ಮಾತ್ರ ಹಿಂದಿರುಗದು. ದಿನದಿನವೂ ಸೂರ್ಯನಿಂದ ಹೊಸದಾಗಿಯೇ ಇಳಿಯಬೇಕು.

2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾದ ಅಂಕಸಮುದ್ರ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿ ಸೇರಿತು. ಪಟ್ಟಿಯಲ್ಲಿರುವುದು ಕೆರೆ, ಹಕ್ಕಿಗಳು ಉಣ್ಣುವ ಜಾಗ ಹಿನ್ನೀರಿನ ಅಂಚಿಗೂ ಸುತ್ತಲ ಹೊಲಗದ್ದೆಗೂ ಹಬ್ಬಿದೆ. ಅಲ್ಲಿ ಬೆಳೆಗೆ ಹೊಡೆಯುವ ಔಷಧಿಗಳಲ್ಲಿ ಬೇಗ ಕರಗದಂಥವು ಇದೇ ದಾರಿಯಲ್ಲಿ ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತವೆ. ಅವು ಬಿಸಿಲಿನಂತೆ ಕರಗುವುದಿಲ್ಲ, ಮೆಟ್ಟಿಲಿಂದ ಮೆಟ್ಟಿಲಿಗೆ ದಟ್ಟವಾಗುತ್ತವೆ. ಕೆರೆ ಕಾಯುವವರು ಹಿನ್ನೀರನ್ನೂ ಕಾಯಬೇಕಾಗಿದೆ.