ಎಂಟನೇ ಇಯತ್ತೆಯಲ್ಲೇ ಹೇಳಬೇಕಾದ ಲೆಕ್ಕ

2024ರ ಏಪ್ರಿಲ್ 3 ಮತ್ತು 4ರಂದು ಇಂಡಿ ತಾಲ್ಲೂಕಿನ ಲಚ್ಯಾಣದ ಹೆಸರು ನಾಡಿನ ಮನೆಮನೆಯಲ್ಲೂ ಕೇಳಿಬಂತು. ಕೊಳವೆಬಾವಿಗೆ ಬಿದ್ದ ಕೂಸನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಮೇಲೆತ್ತಿದ ಊರು ಅದು. ಅದೇ ವಾರ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿತ್ತು. ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ದೂರದಿಂದಲೇ ನಿಗಾ ವಹಿಸುವ ವ್ಯವಸ್ಥೆ ಜಾರಿಗೆ ಬಂದ ವರ್ಷ ಅದು. ಮೇ ತಿಂಗಳಲ್ಲಿ ಫಲಿತಾಂಶ ಹೊರಬಿದ್ದಾಗ ತೇರ್ಗಡೆಯ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು. ಆ ಅಂಕಿಯನ್ನು ಮುಟ್ಟಲು ಸಹ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಬೇಕಾಯಿತು, ಕೃಪಾಂಕ ಪಡೆಯುವ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಬೇಕಾಯಿತು.

ಮರುವರ್ಷ ಕೃಪಾಂಕದ ಆಸರೆ ಇರಲಿಲ್ಲ. 2025ರ ಮೊದಲ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದ ಸುಮಾರು 8.42 ಲಕ್ಷ ಮಕ್ಕಳಲ್ಲಿ ಪಾಸಾದವರು ಸುಮಾರು 5.25 ಲಕ್ಷ. ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಲಚ್ಯಾಣವಿರುವ ವಿಜಯಪುರ ಜಿಲ್ಲೆಯೂ ಪಟ್ಟಿಯ ಕೆಳಗಿನ ಸಾಲಿನಲ್ಲೇ ಉಳಿಯಿತು. ಪ್ರತಿ ಫಲಿತಾಂಶದ ಬೆನ್ನಿಗೆ ಶಿಕ್ಷಕರ ಕೊರತೆ, ಬಡತನ, ಗುಳೆ, ಬೋಧನೆಯ ಗುಣಮಟ್ಟದ ಚರ್ಚೆ ನಡೆಯುತ್ತದೆ. ಇವೆಲ್ಲವೂ ನಿಜವಾದ ಕಾರಣಗಳೇ. ಇವುಗಳ ನಡುವೆ ಮರೆಯಾಗಿರುವ ಇನ್ನೊಂದು ಕಾರಣವಿದೆ. ಪಾಸಾಗಲು ಏನೇನು ಬೇಕು ಎಂಬುದನ್ನು ಪ್ರೌಢಶಾಲೆಗೆ ಕಾಲಿಡುವ ಮಗುವಿಗೂ ಅದರ ತಂದೆತಾಯಿಗೂ ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಎಂಟನೇ ಇಯತ್ತೆಯಲ್ಲಿ ತಿಳಿಯಬೇಕಾದ ನಿಯಮ ಹತ್ತನೆಯ ಕೊನೆಯಲ್ಲಿ, ವಿಶೇಷ ತರಗತಿಗಳ ಗಡಿಬಿಡಿಯಲ್ಲಿ, ಅರ್ಧಂಬರ್ಧ ಕಿವಿಗೆ ಬೀಳುತ್ತದೆ.

ಮುಲ್ಕಿಯ ಕಾಲದಿಂದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಓದಿನ ದೊಡ್ಡ ಮೈಲಿಗಲ್ಲು ಮುಲ್ಕಿ ಪರೀಕ್ಷೆಯಾಗಿತ್ತು. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪಾಸಾದವನು ಕನ್ನಡ ಸಾಲಿಯ ಮಾಸ್ತರನಾಗಬಹುದಿತ್ತು, ಸರ್ಕಾರದ ಸಣ್ಣ ನೌಕರಿ ಹಿಡಿಯಬಹುದಿತ್ತು. ಮುಂದೆ ಓದುವ ಕೆಲವರಿಗೆ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಇತ್ತು. ರಾಜ್ಯ ಒಂದಾದ ಹತ್ತು ವರ್ಷಗಳ ಬಳಿಕ, 1966ರಲ್ಲಿ, ಪ್ರೌಢಶಿಕ್ಷಣದ ಪರೀಕ್ಷೆಗೆಂದೇ ಪ್ರತ್ಯೇಕ ಮಂಡಳಿ ರಚನೆಯಾಯಿತು. ಅಲ್ಲಿಂದೀಚೆಗೆ ಹತ್ತನೆಯ ತರಗತಿಯೇ ಹೆಬ್ಬಾಗಿಲು.

ಮುಲ್ಕಿ ಪಾಸಾದವರು ಊರಿಗೆ ಬೆರಳೆಣಿಕೆಯಷ್ಟು. ಆ ಪರೀಕ್ಷೆ ಎಂಥದು, ಅದರಿಂದ ಏನು ಸಿಗುತ್ತದೆ ಎಂಬುದು ಮಾತ್ರ ಕಟ್ಟೆಯ ಮೇಲೆ ಕೂತವರಿಗೂ ಗೊತ್ತಿತ್ತು. ಇಂದು ಹತ್ತನೆಯ ಪರೀಕ್ಷೆಗೆ ಪ್ರತಿ ಮನೆಯ ಮಗುವೂ ಕೂರುತ್ತದೆ. ಪಿಯುಸಿ, ಡಿಪ್ಲೊಮಾ, ಐಟಿಐನ ಬಹುಪಾಲು ವೃತ್ತಿಗಳು, ಎಷ್ಟೋ ಸರ್ಕಾರಿ ಹುದ್ದೆಗಳು ಆ ಒಂದು ಅಂಕಪಟ್ಟಿಯನ್ನು ಕೇಳುತ್ತವೆ. ಆದರೆ ನಿಯಮಗಳು ತೊಡಕಾಗಿವೆ. ಲಚ್ಯಾಣದಂಥ ಊರುಗಳ ಅನೇಕ ಮನೆಗಳಲ್ಲಿ ಹತ್ತನೆಯ ತರಗತಿಗೆ ಹೋಗುವ ಮಗುವೇ ಆ ಮನೆಯ ಮೊದಲ ಪರೀಕ್ಷಾರ್ಥಿ. ಅಣ್ಣ ಅಕ್ಕಂದಿರ ಅನುಭವದಿಂದ ಸಿಗುವ ತಿಳಿವಳಿಕೆ ಆ ಮಗುವಿಗೆ ಇರುವುದಿಲ್ಲ.

ಕಾಯ್ದೆಯೂ ಇದಕ್ಕೆ ತನ್ನ ಪಾಲು ಸೇರಿಸಿದೆ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿವರೆಗೆ ಯಾವ ಮಗುವನ್ನೂ ನಪಾಸು ಮಾಡದಂತೆ ತಡೆಯಿತು. ಮಕ್ಕಳು ಶಾಲೆ ಬಿಡುವುದನ್ನು ತಪ್ಪಿಸುವ ಈ ಉದ್ದೇಶವನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಐದು ಮತ್ತು ಎಂಟನೆಯ ತರಗತಿಯಲ್ಲಿ ಪರೀಕ್ಷೆ ನಡೆಸುವ ಅವಕಾಶವನ್ನು ರಾಜ್ಯಗಳಿಗೆ ಕೊಡಲಾಯಿತು. ಆದರೂ ಎಷ್ಟೋ ಮಕ್ಕಳಿಗೆ ಪಾಸು–ನಪಾಸಿನ ನಿಜವಾದ ಗೆರೆ ಮೊದಲ ಬಾರಿಗೆ ಎದುರಾಗುವುದು ಹತ್ತನೆಯಲ್ಲೇ.

ಗೆರೆ ಒಂದಲ್ಲ, ಎರಡು

ಆ ಗೆರೆ ಎಲ್ಲಿದೆ? ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯಲ್ಲಿ ಲಿಖಿತಕ್ಕೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಉಳಿದವುಗಳಲ್ಲಿ ಲಿಖಿತಕ್ಕೆ 80, ಆಂತರಿಕಕ್ಕೆ 20. ಬಹುಕಾಲ ಪಾಸಿನ ಮಟ್ಟ ಶೇ 35 ಇತ್ತು. 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ನಿಯಮದಂತೆ ಒಟ್ಟಾರೆ ಶೇ 33, ಎಂದರೆ 206 ಅಂಕ ಬರಬೇಕು. ಜೊತೆಗೆ ಪ್ರತಿ ವಿಷಯದಲ್ಲೂ ಲಿಖಿತ ಮತ್ತು ಆಂತರಿಕ ಎರಡನ್ನೂ ಕೂಡಿಸಿ ಕನಿಷ್ಠ ಶೇ 30 ಇರಬೇಕು.

ಇಲ್ಲಿ ಎರಡು ಗೆರೆಗಳಿವೆ. ಒಂದು ವಿಷಯದ್ದು, ಇನ್ನೊಂದು ಮೊತ್ತದ್ದು. ಎರಡನ್ನೂ ದಾಟಬೇಕು. ಐದು ವಿಷಯಗಳಲ್ಲಿ 30ರಂತೆ 150, ಪ್ರಥಮ ಭಾಷೆಯಲ್ಲಿ 38 ಪಡೆದ ಮಗುವಿನ ಮೊತ್ತ 188. ಪ್ರತಿ ವಿಷಯದಲ್ಲೂ ಗೆರೆ ಮುಟ್ಟಿದರೂ ಆ ಮಗು ಪಾಸಾಗುವುದಿಲ್ಲ. 18 ಅಂಕ ಕಡಿಮೆ ಬೀಳುತ್ತದೆ. ಆ 18 ಅಂಕ ಎಲ್ಲಿಂದ ಬರಬೇಕು? ಗಣಿತ ಮತ್ತು ಇಂಗ್ಲಿಷಿಗೆ ಹೆದರುವ ಮಗು ಕನ್ನಡದಲ್ಲೋ ಸಮಾಜ ವಿಜ್ಞಾನದಲ್ಲೋ ಅದನ್ನು ಸಂಪಾದಿಸಿಕೊಳ್ಳಬಹುದು. ಆದರೆ ಗಣಿತವನ್ನು ಪೂರ್ತಿ ಕೈಬಿಟ್ಟು ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪಡೆದರೂ ಪ್ರಯೋಜನವಿಲ್ಲ. ಇದು ಹದಿಮೂರು ವರ್ಷದ ಮಗುವಿಗೆ ಅರ್ಥವಾಗದ ಲೆಕ್ಕವೇನಲ್ಲ. ಕಪ್ಪುಹಲಗೆಯ ಮೇಲೆ ಒಂದು ಪಿರಿಯಡ್ ಸಾಕು. ಆದರೆ ಆ ಪಿರಿಯಡ್ ಯಾವ ವೇಳಾಪಟ್ಟಿಯಲ್ಲೂ ಇಲ್ಲ.

ವಿವರಿಸಲೇಬೇಕಾದ ಇನ್ನೊಂದು ಸಂಗತಿ ಮೂರು ಪರೀಕ್ಷೆಗಳದು. 2023–24ರಿಂದ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ 1, 2 ಮತ್ತು 3 ಬಂದಿವೆ. ಮೊದಲನೆಯದರಲ್ಲಿ ತಪ್ಪಿದ ವಿಷಯವನ್ನು ಎರಡನೆಯದರಲ್ಲಿ, ಅಲ್ಲೂ ತಪ್ಪಿದರೆ ಮೂರನೆಯದರಲ್ಲಿ ಬರೆಯಬಹುದು. ಪಾಸಾದವರು ಅಂಕ ಹೆಚ್ಚಿಸಿಕೊಳ್ಳಲೂ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ನಪಾಸಾದ ಮಗುವಿಗೆ ಆ ವರ್ಷವೇ ಕಾಲೇಜು ಸೇರುವ ದಾರಿ ತೆರೆದಿಡುವ ಒಳ್ಳೆಯ ಏರ್ಪಾಡಿದು. ಆದರೆ ಫಲಿತಾಂಶ ಬಂದ ದಿನ ಮನೆಯಲ್ಲಿ ಸೂತಕದಂಥ ಮೌನ ಕವಿದಾಗ, ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಲು ಕೆಲವೇ ದಿನಗಳಿವೆ ಎಂದು ನೆನಪಿಸುವವರು ಬೇಕು. ಆ ಮೌನದಲ್ಲೇ ಎಷ್ಟೋ ಹುಡುಗರು ದುಡಿಮೆಗೆ ಹೊರಡುತ್ತಾರೆ, ಎಷ್ಟೋ ಹುಡುಗಿಯರ ಮದುವೆಯ ಮಾತು ಶುರುವಾಗುತ್ತದೆ. ನಪಾಸು ಎಂದರೆ ಓದು ಮುಗಿಯಿತು ಎಂಬ ಹಳೆಯ ಅರ್ಥ ಇನ್ನೂ ಅಳಿದಿಲ್ಲ.

ಕಬ್ಬಿನ ಹಂಗಾಮು ಮತ್ತು ಹಾಜರಿ

ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಆಂತರಿಕ ಅಂಕ ವರ್ಷವಿಡೀ ಕೂಡುತ್ತ ಹೋಗುತ್ತದೆ. ಭೀಮಾ ತೀರದ ಈ ಸೀಮೆಗೆ ಎರಡೂ ಷರತ್ತು ಬೇರೆಡೆಗಿಂತ ಭಾರ. ಕಬ್ಬು ನುರಿಸುವ ಹಂಗಾಮು ಶುರುವಾದೊಡನೆ ಊರು ಮತ್ತು ತಾಂಡಾಗಳಿಂದ ಕುಟುಂಬಗಳು ಗ್ಯಾಂಗ್ ಕಟ್ಟಿಕೊಂಡು ಹೊರಡುತ್ತವೆ. ಮುಂಗಡ ಪಡೆದ ಮೇಲೆ ಹೋಗದೆ ಉಪಾಯವಿಲ್ಲ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವವರು ಇದ್ದಾರೆ. ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಹುಡುಗಿಯನ್ನು ಜೊತೆಗೆ ಕರೆದೊಯ್ಯುವವರೂ ಇದ್ದಾರೆ.

ಈಗ ಲೆಕ್ಕ ನೋಡಿ. ವರ್ಷಗಳಿಂದ ರೂಢಿಯಲ್ಲಿರುವ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಮಕ್ಕಳೂ ಮಾಸ್ತರರೂ ಎಫ್‌ಎ ಎಂದು ಕರೆಯುವ ಇವುಗಳ ಅಂಕಗಳನ್ನು ಇಳಿಸಿ ಆಂತರಿಕ 20 ಅಥವಾ 25 ಅಂಕವಾಗಿ ಲೆಕ್ಕ ಹಾಕುತ್ತಾರೆ. ಹಾಗಾದರೆ ಒಂದು ಎಫ್‌ಎ ತಪ್ಪಿದರೆ ಒಂದು ವಿಷಯದಲ್ಲಿ 5 ಅಂಕದವರೆಗೆ, ಪ್ರಥಮ ಭಾಷೆಯಲ್ಲಿ 6ಕ್ಕೂ ತುಸು ಹೆಚ್ಚು ಹೋಗುತ್ತದೆ. ಹಂಗಾಮಿನಲ್ಲಿ ಎರಡು ತಪ್ಪಿದರೆ ಆರು ವಿಷಯ ಸೇರಿ 60ಕ್ಕಿಂತ ಹೆಚ್ಚು. ಪಾಸಿಗೆ ಬೇಕಾದ 206ರಲ್ಲಿ ಇದು ಕಾಲುಭಾಗಕ್ಕೂ ಮಿಗಿಲು. ಪ್ರಶ್ನೆಪತ್ರಿಕೆಯನ್ನು ಕಣ್ಣಿಂದ ನೋಡುವ ಮೊದಲೇ ಮಗು ಇಷ್ಟನ್ನು ಕಳೆದುಕೊಂಡಿರಬಹುದು. ಇದು ಮೊದಲೇ ತಿಳಿದಿದ್ದರೆ ಗುಳೆ ನಿಲ್ಲುತ್ತದೆ ಎಂದಲ್ಲ. ಸಾಲದ ಮುಂದೆ ಸಲಹೆಯ ಬಲ ಕಡಿಮೆ. ಆದರೆ ಮಗುವನ್ನು ಹಾಸ್ಟೆಲಿಗೋ ಸೋದರಮಾವನ ಮನೆಗೋ ಬಿಡುವ ಯೋಚನೆಯನ್ನು ಜೂನ್‌ನಲ್ಲೇ ಮಾಡಬಹುದು. ಅಕ್ಟೋಬರ್‌ನಲ್ಲಿ ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತಾಗ ಯಾವ ಯೋಚನೆಗೂ ಬಿಡುವಿರುವುದಿಲ್ಲ.

ಅಂಕವಲ್ಲದ ಒಂದು ಅಗತ್ಯವನ್ನೂ ಇಲ್ಲಿ ಹೇಳಬೇಕು. ಉತ್ತರ ಕರ್ನಾಟಕದ ಶಾಲಾ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದವರು ಬಹಳ. ಜನನ ಪತ್ರವಿಲ್ಲದ ಮಗುವಿಗೆ ಒಂದನೇ ಇಯತ್ತೆಯ ಪ್ರವೇಶದ ದಿನ ಮಾಸ್ತರರು ಬರೆದ ತಾರೀಖು ಅದು. ಆ ತಾರೀಖು, ಹೆಸರಿನ ಕಾಗುಣಿತ, ತಂದೆಯ ಹೆಸರು ವರ್ಗಾವಣೆ ಪತ್ರದ ಮೂಲಕ ಪ್ರೌಢಶಾಲೆಗೆ ಬಂದು, ಹತ್ತನೆಯ ಅಂಕಪಟ್ಟಿಯಲ್ಲಿ ಅಚ್ಚಾಗುತ್ತವೆ. ಆ ಅಂಕಪಟ್ಟಿಯೇ ಬದುಕಿನುದ್ದಕ್ಕೂ ವಯಸ್ಸಿನ ಪುರಾವೆ. ಅಚ್ಚಾದ ಮೇಲೆ ತಿದ್ದಿಸಲು ಕಚೇರಿ, ಕೆಲವೊಮ್ಮೆ ನ್ಯಾಯಾಲಯ ಅಲೆಯಬೇಕು. ಎಂಟನೆಯ ತರಗತಿಗೆ ಸೇರಿದ ದಿನವೇ ದಾಖಲೆಯನ್ನು ಓದಿ ಹೇಳಿ, ತಪ್ಪಿದ್ದರೆ ತಿದ್ದಿಸುವುದು ಅದಕ್ಕಿಂತ ಎಷ್ಟೋ ಸುಲಭ.

ಆಟದ ನಡುವೆ ಬದಲಾಗುವ ನಿಯಮ

ಮಕ್ಕಳಿಗೆ ನಿಯಮ ತಿಳಿಯದಿರುವ ಹೊಣೆಯನ್ನು ಶಾಲೆಗಳ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. 2023ರ ಜೂನ್‌ನಲ್ಲಿ ಎಂಟನೆಯ ತರಗತಿ ಸೇರಿದ ಮಕ್ಕಳ ಕಥೆಯನ್ನೇ ನೋಡೋಣ. ಆ ವರ್ಷ ರಾಜ್ಯವು 5, 8, 9 ಮತ್ತು 11ನೆಯ ತರಗತಿಗಳಿಗೆ ಮಂಡಳಿಯ ಮೂಲಕ ಮೌಲ್ಯಾಂಕನ ಘೋಷಿಸಿತು. ಆ ಮೌಲ್ಯಾಂಕನ ಉಚ್ಚ ನ್ಯಾಯಾಲಯದಲ್ಲಿ ಒಮ್ಮೆ ರದ್ದಾಗಿ, ಮತ್ತೆ ಅನುಮತಿ ಪಡೆದು, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಫಲಿತಾಂಶಗಳನ್ನೇ ತಡೆಹಿಡಿಯಿತು. ಅದೇ ಮಕ್ಕಳು ಹತ್ತನೆಗೆ ಬಂದು ಅರ್ಧ ವರ್ಷ ಕಳೆದ ಮೇಲೆ ಪಾಸಿನ ಮಟ್ಟ 35ರಿಂದ 33ಕ್ಕೆ ಬಂತು. ತೃತೀಯ ಭಾಷೆ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಬದಲಾವಣೆಗಳ ಸರಿತಪ್ಪು ಏನೇ ಇರಲಿ, ಇಷ್ಟು ಬದಲಾವಣೆಗಳ ನಡುವೆ ಸ್ವತಃ ಶಿಕ್ಷಕರೇ ಈ ವರ್ಷದ ನಿಯಮ ಯಾವುದೆಂದು ಸುತ್ತೋಲೆ ಹುಡುಕುವಂತಾಗಿದೆ.

ಗಡಿಯಾಚೆಗಿನ ಕನ್ನಡ ಮಕ್ಕಳ ಸ್ಥಿತಿಯನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ನಿಯಮಕ್ಕೆ ಒಳಪಟ್ಟವರು. ಅಲ್ಲಿ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇ 30 ಕಡ್ಡಾಯ ಮಾಡುವ ತೀರ್ಮಾನ 2024ರಲ್ಲಾಯಿತು. ಆದರೆ ಅದನ್ನು ನೇರವಾಗಿ ಹತ್ತನೆಯವರ ಮೇಲೆ ಹೇರಲಿಲ್ಲ. 2024–25ರಲ್ಲಿ ಎಂಟನೆಗೆ, ಮರುವರ್ಷ ಒಂಬತ್ತಕ್ಕೆ, 2026–27ರಲ್ಲಿ ಹತ್ತಕ್ಕೆ ಎಂದು ಹಂತ ಹಾಕಲಾಯಿತು. ಗೆರೆ ಮುಟ್ಟದವರಿಗೆ ಹೆಚ್ಚುವರಿ ತರಗತಿಗಳ ಏರ್ಪಾಡೂ ಇದೆ. ಎಂಟನೆಯಲ್ಲಿ ನಿಯಮ ಕೇಳಿದ ಮಕ್ಕಳೇ ಅದರೊಂದಿಗೆ ಬೆಳೆದು ಹತ್ತಕ್ಕೆ ಬರುತ್ತಾರೆ. ಇತ್ತ ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಓದುವವರಿಗೆ ಮಹಾರಾಷ್ಟ್ರದ ಏರ್ಪಾಡು ಬೇರೆ. ಒಂದೆರಡು ವಿಷಯ ಉಳಿಸಿಕೊಂಡವರು ಹನ್ನೊಂದನೆಯ ತರಗತಿಗೆ ಸೇರಿ, ಉಳಿದದ್ದನ್ನು ಆಮೇಲೆ ಮುಗಿಸಬಹುದು. ಗಡಿಯ ಎರಡೂ ಬದಿ ಬೀಗತನವಿರುವ ಇಂಡಿ ಭಾಗದ ಮನೆಗಳಲ್ಲಿ ಈ ಸೌಲಭ್ಯ ನಮ್ಮಲ್ಲೂ ಇದೆಯೆಂದು ತಿಳಿದು ಮೋಸಹೋಗುವ ಅಪಾಯ ಚಿಕ್ಕದಲ್ಲ.

ಎರಡು ಆಕ್ಷೇಪಗಳು

ಎಂಟನೆಯಲ್ಲೇ ಪಾಸಿನ ಲೆಕ್ಕ ಹೇಳಿಕೊಟ್ಟರೆ ಮಕ್ಕಳು ಕನಿಷ್ಠ ಅಂಕಕ್ಕಷ್ಟೇ ಓದುತ್ತಾರೆ ಎಂಬುದು ಅನುಭವಿ ಶಿಕ್ಷಕರ ಒಂದು ಆಕ್ಷೇಪ. ಆಂತರಿಕದಲ್ಲಿ 18 ಬಂದರೆ ಲಿಖಿತದ 80ರಲ್ಲಿ 12 ಸಾಕಾಗುವ ಲೆಕ್ಕ ಹೊಸ ನಿಯಮದಲ್ಲಿದೆ. ಇದನ್ನೇ ಮಕ್ಕಳಿಗೆ ಬಿಡಿಸಿ ಹೇಳಬೇಕೇ ಎಂಬ ಕಳವಳ ಅವರದು. ಆಟವಾಡುವ ವಯಸ್ಸಿನಲ್ಲಿ ಬೋರ್ಡ್ ಪರೀಕ್ಷೆಯ ಭಯ ಬಿತ್ತಬಾರದು ಎಂಬುದು ಇನ್ನೊಂದು ಆಕ್ಷೇಪ. ಎರಡರಲ್ಲೂ ತಿರುಳಿದೆ. ಆದರೆ ಪೇಟೆಯ ಮಗುವಿಗೆ ಟ್ಯೂಷನ್ನಿನವರು, ಓದಿದ ತಂದೆತಾಯಿ ಈ ಲೆಕ್ಕವನ್ನು ಈಗಾಗಲೇ ಹೇಳಿದ್ದಾರೆ. ನಾವು ಸುಮ್ಮನಿದ್ದರೆ ಅದು ತಿಳಿಯದೆ ಉಳಿಯುವುದು ಹಳ್ಳಿಯ ಮಗುವಿಗೆ, ತಾಂಡಾದ ಮಗುವಿಗೆ ಮಾತ್ರ. ಭಯದ ಮಾತೂ ಅಷ್ಟೆ: ಹತ್ತನೆಯಲ್ಲಿ ಒಮ್ಮೆಲೇ ಎದುರಾಗುವ ಗೆರೆ ಹೆದರಿಸುವಷ್ಟು, ಮೂರು ವರ್ಷ ಮೊದಲೇ ಪರಿಚಯವಾದ ಗೆರೆ ಹೆದರಿಸದು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕನ್ನಡದಲ್ಲಿ, ಉರ್ದು ಮತ್ತು ಮರಾಠಿ ಮಾಧ್ಯಮದವರಿಗೆ ಆಯಾ ಭಾಷೆಯಲ್ಲಿ, ಒಂದೇ ಹಾಳೆ ಸಾಕು. ವಿಷಯದ ಗೆರೆ, ಮೊತ್ತದ ಗೆರೆ, ಆಂತರಿಕ ಅಂಕ ಕೂಡುವ ಬಗೆ, ಹಾಜರಿ, ಮೂರು ಪರೀಕ್ಷೆಗಳ ದಾರಿ, ತಿದ್ದಿಸಬೇಕಾದ ದಾಖಲೆ ಇಷ್ಟೂ ಅದರಲ್ಲಿರಬೇಕು. ಓದಲು ಬಾರದ ತಂದೆತಾಯಿಗೆ ಪಾಲಕರ ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಬೇಕು. ಸಭೆ ಹಂಗಾಮಿಗೆ ಮುಂಚೆ, ಕೂಲಿಯಿಂದ ಮರಳುವ ಹೊತ್ತಿಗೆ, ಬೇಕಾದರೆ ತಾಂಡಾದ ಗುಡಿಯ ಮುಂದೆಯೇ ನಡೆಯಬೇಕು. ಶಿಕ್ಷಕರ ಮೇಲಿರುವ ದಾಖಲೆ ತುಂಬುವ ಕೆಲಸದ ಹೊರೆಯಲ್ಲಿ ಒಂದಿಷ್ಟು ಕಡಿಮೆ ಮಾಡಿದರೆ ಅದಕ್ಕೆ ಸಮಯವೂ ಸಿಗುತ್ತದೆ.

ಇನ್ನು ಆಳುವವರು ಪಾಲಿಸಬೇಕಾದ ಕಟ್ಟುಪಾಡು. 2026ರ ಜೂನ್‌ನಲ್ಲಿ ಎಂಟನೇ ಇಯತ್ತೆಗೆ ಸೇರುವ ಮಗು ಹತ್ತನೆಯ ಪರೀಕ್ಷೆ ಬರೆಯುವುದು 2029ರಲ್ಲಿ. ಅದು ಬರೆಯುವ ಪರೀಕ್ಷೆಯ ನಿಯಮ ಪ್ರವೇಶದ ದಿನವೇ ಹಾಳೆಯಲ್ಲಿ ಅಚ್ಚಾಗಿರಬೇಕು. ಮುಂದೆ ಬದಲಾವಣೆ ಬೇಕೆನಿಸಿದರೆ ಅದು 2027ರಲ್ಲಿ ಎಂಟನೆಗೆ ಬರುವವರಿಂದ ಜಾರಿಯಾಗಲಿ.