ಬಯಲು ವೇದಿಕೆಯ ಬೇಸ್ ಗಿಟಾರ್ ಆಂಪ್: ತಪ್ಪು ಕಲ್ಪನೆ ಮತ್ತು ಸತ್ಯ

ಬೇಸ್ ಗಿಟಾರ್ ಆಂಪ್‌ನಲ್ಲಿ ಎರಡು ಭಾಗಗಳಿವೆ. ಗಿಟಾರಿನಿಂದ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ಹದಮಾಡಿ ಹೆಚ್ಚಿಸುವುದು ಹೆಡ್, ಅದನ್ನು ಗಾಳಿಯ ಕಂಪನವಾಗಿಸುವುದು ಸ್ಪೀಕರ್ ಬಾಕ್ಸ್. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಕಾಂಬೊ. ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯದರಲ್ಲಿ ಇದು 31ಕ್ಕೆ ಇಳಿಯುತ್ತದೆ. ಇಷ್ಟು ತಗ್ಗಿನ ಸ್ವರವನ್ನು ಸಾಮಾನ್ಯ ಗಿಟಾರಿನ ಆಂಪ್ ತಾಳಲಾರದು. ಹಾಗಾಗಿಯೇ ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದ ಮರುವರ್ಷವೇ ಅದಕ್ಕೆಂದು ಬೇಸ್‌ಮನ್ ಆಂಪ್ ತಂದಿತು.

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಹಾಗೂ ಮೊಳಕಾಲ್ಮುರು ಸೀಮೆಯಲ್ಲಿ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿ ನಡೆಯುವುದು ಹೆಚ್ಚಾಗಿ ಬಯಲಿನಲ್ಲಿ. ಮೇಲೆ ಶಾಮಿಯಾನ, ಪಕ್ಕದಲ್ಲಿ ಜನರೇಟರ್, ಕೆಳಗೆ ಹಲಗೆಯ ವೇದಿಕೆ. ಆಂಪ್‌ನ ಬಗ್ಗೆ ಆರ್ಕೆಸ್ಟ್ರಾ ಹುಡುಗರ ನಡುವೆ ಬಾಯಿಂದ ಬಾಯಿಗೆ ಹರಿದುಬಂದ ಹಲವು ನಂಬಿಕೆಗಳು ಕೋಣೆಯೊಳಗಿನ ಅಭ್ಯಾಸದಿಂದ ಹುಟ್ಟಿದವು. ಬಯಲಿನಲ್ಲಿ ಅವು ಕೈಕೊಡುತ್ತವೆ. ಅವುಗಳಲ್ಲಿ ಒಂದೆರಡಂತೂ ಜೀವಕ್ಕೇ ಅಪಾಯ ತರುವಂಥವು.

“ಬೇಸ್ ಅಲೆ ದೂರ ಹೋದ ಮೇಲೇ ಕೇಳುತ್ತದೆ”

41 ಹರ್ಟ್ಸ್ ಸ್ವರದ ಅಲೆಯ ಉದ್ದ 8 ಮೀಟರಿಗೂ ಹೆಚ್ಚು ಎಂಬುದು ನಿಜ. ಆದರೆ ಅಷ್ಟು ದೂರ ಸಾಗಿದ ಮೇಲೆಯೇ ಅಲೆ ‘ಪೂರ್ತಿ’ಯಾಗಿ ಕಿವಿಗೆ ದಕ್ಕುತ್ತದೆ ಎಂಬುದು ಸುಳ್ಳು. ಕಿವಿ ಗ್ರಹಿಸುವುದು ಗಾಳಿಯ ಒತ್ತಡದ ಏರಿಳಿತವನ್ನು. ಕಿವಿಗೆ ಅಂಟಿಕೊಂಡ ಹೆಡ್‌ಫೋನಿನಲ್ಲೂ ಬೇಸ್ ಕೇಳುವುದು ಇದರಿಂದಲೇ. ನುಡಿಸುವವನಿಗೆ ತನ್ನ ಆಂಪ್ ಸರಿಯಾಗಿ ಕೇಳದಿರಲು ಕಾರಣ ಬೇರೆ. ನೆಲದ ಮೇಲಿಟ್ಟ ಬಾಕ್ಸ್ ಅವನ ಮೊಣಕಾಲಿಗೆ ಮುಖ ಮಾಡಿರುತ್ತದೆ. ತಗ್ಗಿನ ಸ್ವರ ಎಲ್ಲ ದಿಕ್ಕಿಗೂ ಹರಡಿದರೂ, ಸ್ವರವನ್ನು ಸ್ಪಷ್ಟಪಡಿಸುವ ಮೇಲಿನ ಕಂಪನಗಳು ನೇರವಾಗಿ ಮುಂದಕ್ಕೆ ಸಾಗಿ ಮುಂದಿನ ಸಾಲಿನ ಜನರಿಗೆ ತಲುಪುತ್ತವೆ. ಬಾಕ್ಸನ್ನು ಹಿಂದಕ್ಕೆ ವಾಲಿಸಿ, ಅದರ ಮುಖ ಕಿವಿಯ ಕಡೆ ತಿರುಗುವಂತೆ ಇಟ್ಟರೆ ವಾಲ್ಯೂಮ್ ಏರಿಸದೆಯೇ ಕೊರತೆ ನೀಗುತ್ತದೆ.

ಇಡುವ ಜಾಗವೂ ಮುಖ್ಯ. ಗಟ್ಟಿ ಗೋಡೆ ಮತ್ತು ನೆಲ ಸೇರುವ ಕಡೆ ಇಟ್ಟರೆ ತಗ್ಗಿನ ಸ್ವರ ಹೆಚ್ಚುತ್ತದೆ. ಶಾಮಿಯಾನದ ಬಟ್ಟೆಗೆ ಆ ಶಕ್ತಿಯಿಲ್ಲ. ಅಭ್ಯಾಸದ ಕೋಣೆಯಲ್ಲಿ ತುಂಬಿ ಬಂದ ದನಿ ಬಯಲಿನಲ್ಲಿ ಬಡಕಲಾಗಲು ಇದೇ ಕಾರಣ, ಆಂಪ್ ಕೆಟ್ಟಿರುವುದಲ್ಲ. ಇನ್ನು ಹಲಗೆಯ ವೇದಿಕೆ ತಾನೇ ಗುಂಯ್‌ಗುಟ್ಟಿ ಸ್ವರಗಳನ್ನು ಕಲಸಿಬಿಡುತ್ತದೆ. ಬಾಕ್ಸಿನ ಕೆಳಗೆ ದಪ್ಪ ಫೋಮ್ ಹಾಸಿದರೆ ಅದು ತಗ್ಗುತ್ತದೆ.

“ಅರ್ಥ್ ಪಿನ್ ತೆಗೆದರೆ ಗುಂಯ್ ಸದ್ದು ಹೋಗುತ್ತದೆ”

ಎಲ್ಲ ತಪ್ಪು ಕಲ್ಪನೆಗಳಲ್ಲಿ ಅತಿ ಅಪಾಯಕಾರಿ ಇದು. ಸದ್ದು ಹೋಗುವುದು ನಿಜ. ಜೊತೆಗೆ ರಕ್ಷಣೆಯೂ ಹೋಗುತ್ತದೆ. ಬೇಸ್‌ನ ತಂತಿಗಳು ಬ್ರಿಡ್ಜ್ ಮತ್ತು ಕೇಬಲ್‌ನ ಹೊರಹೆಣಿಗೆಯ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿರುತ್ತವೆ. ಒಳಗೆ ಎಲ್ಲೋ ಇನ್ಸುಲೇಷನ್ ಕೆಟ್ಟು ಚಾಸಿಗೆ 230 ವೋಲ್ಟ್ ಬಂದರೆ, ಅರ್ಥ್ ಇದ್ದಾಗ ವಿದ್ಯುತ್ ನೆಲಕ್ಕಿಳಿದು ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಆ ವೋಲ್ಟೇಜ್ ತಂತಿಗಳ ಮೇಲೆಯೇ ನಿಂತಿರುತ್ತದೆ. ಬೇಸ್ ಹಿಡಿದವನು ಹಾಡಲು ಮೈಕಿಗೆ ತುಟಿ ತಾಗಿಸಿದ ಗಳಿಗೆಯಲ್ಲಿ ಅವನ ದೇಹವೇ ವಿದ್ಯುತ್ತಿನ ದಾರಿಯಾಗುತ್ತದೆ.

ಗುಂಯ್ ಸದ್ದಿನ ಮೂಲ ಸಾಮಾನ್ಯವಾಗಿ ಅರ್ಥ್ ಅಲ್ಲ, ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ. ಆಂಪ್‌ಗೆ ವೇದಿಕೆಯ ಬೋರ್ಡಿನಿಂದ, ಜನರ ನಡುವೆ ಕುಳಿತ ಮಿಕ್ಸರ್‌ಗೆ ಬೇರೊಂದು ಲೈನಿನಿಂದ ಕರೆಂಟ್ ಬಂದಾಗ ಎರಡರ ನಡುವಿನ ಸಿಗ್ನಲ್ ಕೇಬಲಿನಲ್ಲಿ ಸಣ್ಣ ಪ್ರವಾಹ ಹರಿಯುತ್ತದೆ. ಅದು 50 ಮತ್ತು 100 ಹರ್ಟ್ಸ್‌ನ ಗುಂಯ್ ಆಗಿ ಕೇಳುತ್ತದೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡುವುದು ಮೊದಲ ಪರಿಹಾರ. ಅದಾಗದಿದ್ದರೆ, ಬೇಸ್ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳಿಸುವ ಡಿಐ ಬಾಕ್ಸಿನ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಒತ್ತಬೇಕು. ಅದು ಬಿಡಿಸುವುದು ಸಿಗ್ನಲ್ ಕೇಬಲಿನ ಸಂಪರ್ಕವನ್ನು ಮಾತ್ರ. ಕರೆಂಟಿನ ಅರ್ಥ್ ಹಾಗೆಯೇ ಉಳಿಯುತ್ತದೆ. ತಂತಿ ಮುಟ್ಟಿದಾಗ ನಿಂತು, ಬಿಟ್ಟಾಗ ಬರುವ ಸದ್ದಿನ ಕಥೆ ಬೇರೆ. ಟ್ಯೂಬ್‌ಲೈಟು, ಅಲಂಕಾರದ ದೀಪಗಳು ಹೊರಡಿಸುವ ಗದ್ದಲವನ್ನು ಗಿಟಾರ್ ಎಳೆದುಕೊಳ್ಳುವುದರಿಂದ ಅದು ಬರುತ್ತದೆ. ನಿಂತ ಜಾಗ ಬದಲಿಸಿದರೆ ಕಡಿಮೆಯಾಗುತ್ತದೆ.

ಜನರೇಟರ್ ಬಳಸುವಾಗ ನೆಲಕ್ಕೆ ಹೊಡೆದ ಅರ್ಥ್ ರಾಡ್ ಕೆಲಸ ಮಾಡುತ್ತದೆಯೇ ಎಂದು ನೋಡಲೇಬೇಕು. ಚಳ್ಳಕೆರೆ ಸೀಮೆ ರಾಜ್ಯದ ಅತಿ ಕಡಿಮೆ ಮಳೆಯ ಭಾಗಗಳಲ್ಲೊಂದು. ಒಣ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಕಾರ್ಯಕ್ರಮಕ್ಕೆ ಮುಂಚೆ ನೀರು ಹೊಯ್ಯುವ ಹಳೆಯ ರೂಢಿ ಇಲ್ಲಿ ಪೂರ್ತಿ ಸರಿ. ವೇದಿಕೆಯ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸುವುದು ಇನ್ನೂ ಒಳ್ಳೆಯದು. ನುಡಿಸುವ ಮುನ್ನ ಮೈಕಿನ ಜಾಲರಿಗೂ ಬೇಸ್‌ನ ತಂತಿಗೂ ಟೆಸ್ಟರ್ ತಾಗಿಸಿ ನೋಡಬೇಕು. ದೀಪ ಮಿನುಗಿದರೆ ಗಿಟಾರನ್ನು ಕೆಳಗಿಡಬೇಕು.

“ಬಾಕ್ಸ್ ಹೆಚ್ಚಿಸಿದಷ್ಟೂ ದನಿ ಹೆಚ್ಚುತ್ತದೆ”

8 ಓಂನ ಎರಡು ಬಾಕ್ಸ್‌ಗಳನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು 4 ಓಂ. ಮೂರನೆಯದನ್ನೂ ಸೇರಿಸಿದರೆ 2.7 ಓಂಗೆ ಇಳಿಯುತ್ತದೆ. ‘ಕನಿಷ್ಠ 4 ಓಂ’ ಎಂದು ಹಿಂಬದಿಯಲ್ಲಿ ಬರೆದಿರುವ ಹೆಡ್ ಆಗ ಮಿತಿಮೀರಿ ಕರೆಂಟ್ ಎಳೆದು ಕಾಯುತ್ತದೆ, ತಾನೇ ಆಫ್ ಆಗುತ್ತದೆ ಇಲ್ಲವೇ ಸುಡುತ್ತದೆ. ವಾಲ್ವ್ ಇರುವ ಪವರ್ ಆಂಪನ್ನು ಬಾಕ್ಸ್ ಇಲ್ಲದೆ ಆನ್ ಮಾಡಬಾರದು. ಟ್ರಾನ್ಸಿಸ್ಟರ್ ಆಂಪ್‌ಗೆ ಆ ಭಯವಿಲ್ಲ. ಹೆಡ್‌ನಿಂದ ಬಾಕ್ಸಿಗೆ ಗಿಟಾರ್ ಕೇಬಲ್ ಹಾಕುವ ಅಭ್ಯಾಸವನ್ನೂ ಬಿಡಬೇಕು. ಜ್ಯಾಕ್ ಒಂದೇ ಥರ ಕಂಡರೂ ಅದರೊಳಗಿನ ತೆಳು ಎಳೆ ಅಷ್ಟು ಕರೆಂಟ್ ಹೊರಲಾರದೆ ಬಿಸಿಯಾಗುತ್ತದೆ.

15 ಇಂಚಿನ ಸ್ಪೀಕರಿಗೇ ಆಳ ಹೆಚ್ಚು, 10 ಇಂಚಿನದಕ್ಕೆ ಇಲ್ಲ ಎಂಬುದೂ ಅರ್ಧಸತ್ಯ. ಆಳವನ್ನು ನಿರ್ಧರಿಸುವುದು ಸ್ಪೀಕರಿನ ವಿನ್ಯಾಸ, ಪೆಟ್ಟಿಗೆಯ ಗಾತ್ರ, ಅದಕ್ಕೆ ಗಾಳಿಕಿಂಡಿ ಇದೆಯೋ ಇಲ್ಲವೋ ಎಂಬುದು. 1969ರಲ್ಲಿ ಬಂದ, 300 ವ್ಯಾಟ್‌ನ ಆಂಪೆಗ್ ಎಸ್‌ವಿಟಿ ದೊಡ್ಡ ಬಯಲು ವೇದಿಕೆಗಳಲ್ಲಿ ಹೆಸರು ಮಾಡಿದ್ದು 10 ಇಂಚಿನ ಎಂಟು ಸ್ಪೀಕರ್‌ಗಳ ಮುಚ್ಚಿದ ಬಾಕ್ಸ್‌ಗಳಿಂದ.

“ಗೇನ್ ಎಂದರೆ ಇನ್ನೊಂದು ವಾಲ್ಯೂಮ್”

ಗೇನ್ ನಿರ್ಧರಿಸುವುದು ಒಳಬರುವ ಸಂಕೇತದ ಮಟ್ಟವನ್ನು. ಅತಿ ಜೋರಾಗಿ ಮೀಟಿದಾಗ ಮಾತ್ರ ಕ್ಲಿಪ್ ದೀಪ ಮಿನುಗುವಷ್ಟಕ್ಕೆ ಅದನ್ನು ನಿಲ್ಲಿಸಿ, ಆಮೇಲೆ ಮಾಸ್ಟರ್ ಏರಿಸಬೇಕು. ಬ್ಯಾಟರಿ ಇರುವ ಆಕ್ಟಿವ್ ಬೇಸ್‌ನ ಸಂಕೇತ ಪ್ರಬಲ. ಅದಕ್ಕೆ ಆಕ್ಟಿವ್ ಇನ್‌ಪುಟ್ ಅಥವಾ ಸಂಕೇತವನ್ನು ತಗ್ಗಿಸುವ ಪ್ಯಾಡ್ ಬಟನ್ ಬಳಸಬೇಕು.

“ಬೇಸ್ ಏರಿಸಿ, ಮಿಡ್ ಇಳಿಸಿದರೆ ದನಿ ದುಂಡಗಾಗುತ್ತದೆ”

ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಇದು ಇಂಪಾಗಿರುತ್ತದೆ. ವೇದಿಕೆಯಲ್ಲಿ ಡ್ರಮ್ಸ್, ಢೋಲಕ್, ಕೀಬೋರ್ಡಿನ ಎಡಗೈ ಸೇರಿದ ಕೂಡಲೇ ಆ ದನಿ ಮಾಯ. ತಗ್ಗಿನ ಸ್ವರಗಳಿಗೆ ಮನುಷ್ಯನ ಕಿವಿ ಮಂದ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಆದರೆ ಅದೇ ಕಿವಿಗೆ ಇನ್ನೊಂದು ಶಕ್ತಿ ಇದೆ. 41 ಹರ್ಟ್ಸ್‌ನ ಸ್ವರದೊಂದಿಗೆ 82, 123 ಹೀಗೆ ಅದರ ಗುಣಕಗಳೂ ಹೊಮ್ಮುತ್ತವೆ. ಮೂಲ ಕಂಪನ ಕ್ಷೀಣವಾಗಿದ್ದರೂ ಈ ಗುಣಕಗಳಿಂದಲೇ ಮನಸ್ಸು ಮೂಲಸ್ವರವನ್ನು ಕಟ್ಟಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ಹಾಡಿನ ಬೇಸ್ ನಡೆ ತಿಳಿಯುವುದು ಹೀಗೆ. ಸುಮಾರು 250ರಿಂದ 800 ಹರ್ಟ್ಸ್‌ವರೆಗಿನ ಮಿಡ್ ಭಾಗವನ್ನು ಕತ್ತರಿಸಿದರೆ ಸ್ವರದ ಗುರುತೇ ಹೋಗಿ ಬರೀ ಗುಡುಗು ಉಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಇನ್ನೂ ಒಂದಿದೆ. ಬೇಸ್ ನಾಬನ್ನು 10 ಡೆಸಿಬೆಲ್ ಏರಿಸುವುದೆಂದರೆ ಆ ಸ್ವರಗಳಿಗೆ ಹತ್ತು ಪಟ್ಟು ವ್ಯಾಟ್ ಕೇಳುವುದು. ಆಂಪ್ ಬೇಗ ಒಡೆದ ದನಿ ಕೊಡುತ್ತದೆ, ಸ್ಪೀಕರಿನ ಕೋನ್ ಮಿತಿಮೀರಿ ಜಗ್ಗುತ್ತದೆ. ಎಲ್ಲ ನಾಬ್‌ಗಳನ್ನೂ ನಡುವಿಗಿಟ್ಟು, ಇಡೀ ತಂಡ ನುಡಿಸುತ್ತಿರುವಾಗಲೇ ತಿದ್ದುವುದು ಸರಿಯಾದ ಕ್ರಮ. ದನಿ ಸಾಲದಾದಾಗ ಮೊದಲು ಮುಟ್ಟಬೇಕಾದದ್ದು ಮಿಡ್ ನಾಬ್.

“ವ್ಯಾಟ್ ಎರಡು ಪಟ್ಟಾದರೆ ದನಿಯೂ ಎರಡು ಪಟ್ಟು”

100 ವ್ಯಾಟ್‌ನಿಂದ 200ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್, ಕಿವಿಗೆ ತುಸುವೇ ಹೆಚ್ಚು. ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಕೊಳ್ಳುವಾಗ ಬಾಕ್ಸಿನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟ್‌ಗೆ ಅದು ಎಷ್ಟು ದನಿ ಹೊರಡಿಸುತ್ತದೆ ಎಂಬುದನ್ನು ನೋಡಬೇಕು: 97ರ ಬದಲು 100 ಡೆಸಿಬೆಲ್‌ನ ಬಾಕ್ಸ್ ತಂದರೆ ವ್ಯಾಟ್ ದುಪ್ಪಟ್ಟಾದಷ್ಟೇ ಲಾಭ. ಭಾರವೂ ಶಕ್ತಿಯ ಅಳತೆಯಲ್ಲ. ಹಳೆಯ ಆಂಪ್‌ಗಳ ತೂಕ ಬಹುಪಾಲು ಟ್ರಾನ್ಸ್‌ಫಾರ್ಮರ್‌ನದು. ಇಂದಿನ ಕ್ಲಾಸ್-ಡಿ ಹೆಡ್‌ಗಳು 3 ಕಿಲೋಗಿಂತ ಕಡಿಮೆ ತೂಗಿದರೂ 500 ವ್ಯಾಟ್ ಕೊಡುತ್ತವೆ. ಅವುಗಳ ಗಾಳಿಕಿಂಡಿಗೆ ಧೂಳು ಕಟ್ಟದಂತೆ, ಬೇಸಿಗೆಯ ಬಿಸಿಲು ನೇರ ಬೀಳದಂತೆ ಕಾಯಬೇಕು.

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಕುಗ್ಗುತ್ತದೆ. ಒಂದು ಮೀಟರಿನಲ್ಲಿ 110 ಡೆಸಿಬೆಲ್ ಇದ್ದದ್ದು 32 ಮೀಟರಿನಲ್ಲಿ 80. ಹಿಂದಿನ ಸಾಲಿಗೆ ತಲುಪಿಸಲೆಂದು ವೇದಿಕೆಯ ಆಂಪನ್ನು ಏರಿಸಿದರೆ ಹಾಡುವವರ ಮೈಕಿಗೆಲ್ಲ ಬೇಸ್ ನುಗ್ಗುತ್ತದೆ. ಆಂಪ್ ಇರುವುದು ನುಡಿಸುವವನಿಗೂ ಸಂಗಡಿಗರಿಗೂ ಕೇಳಿಸಲು. ಜನರಿಗೆ ತಲುಪಿಸುವ ಕೆಲಸ ಮೈಕ್‌ಸೆಟ್‌ನದು. ಡಿಐ ಬಾಕ್ಸಿನಿಂದ ಮಿಕ್ಸರ್‌ಗೆ ಒಂದು ಲೈನ್ ಕೊಟ್ಟರೆ ಸಾಕು.

“ರಾತ್ರಿಯ ನಿಯಮ ಮೈಕಿಗೆ, ಆಂಪ್‌ಗಲ್ಲ”

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು, 2010ರ ತಿದ್ದುಪಡಿಯ ನಂತರ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಜೊತೆಗೆ ಸಂಗೀತ ವಾದ್ಯ ಮತ್ತು ಸೌಂಡ್ ಆಂಪ್ಲಿಫೈಯರ್‌ಗಳ ಬಳಕೆಯನ್ನೂ ನಿರ್ಬಂಧಿಸುತ್ತವೆ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಗೋಡೆ, ಮುಚ್ಚಿದ ಬಾಗಿಲು ಹಾಡಿನ ಮೇಲಿನ ಸ್ವರಗಳನ್ನು ತಡೆದಷ್ಟು ಬೇಸ್ ಅನ್ನು ತಡೆಯುವುದಿಲ್ಲ. ಮಲಗಿದವರ ಮನೆಯೊಳಕ್ಕೆ ಮೊದಲು ಹೋಗುವ ಸದ್ದು ಅದೇ ಆದ್ದರಿಂದ, ಸೌಂಡ್ ಚೆಕ್ ಅನ್ನು ಹಗಲಿನಲ್ಲೇ ಮುಗಿಸಿ ಹೇಳಿದ ಹೊತ್ತಿಗೆ ಕಾರ್ಯಕ್ರಮ ಶುರು ಮಾಡುವುದು ಆಯೋಜಕರ ಹೊಣೆ.